ಉದ್ದನೆಯ ಲೆನ್ಸು

ಶಿಕಾರಿಪುರದ ಪೇಟೆಯಲ್ಲಿ ಫೋಟೋ ಅಂಗಡಿ ಇಟ್ಟಿದ್ದ ಮುಕ್ತಾರ್ ಅಹಮದ್ ಎರಡು ಲೆನ್ಸುಗಳನ್ನು ಮೇಜಿನ ಮೇಲಿಟ್ಟ. ಒಂದು ಗಿಡ್ಡ, ಇನ್ನೊಂದು ಮೊಳದುದ್ದ.

“ಗಿಡ್ಡದ್ದು ತಗೊಳ್ರಿ ಸಾವ್ಕಾರ್ರೆ. ಉದ್ದದ್ದು ಕೈ ಚೂರು ನಡುಗಿದ್ರೂ ಚಿತ್ರ ಕೆಡಸ್ತದೆ.”

“ದೂರದಾಗಿದ್ದೋರ ಮುಖ ಯಾವುದ್ರಾಗೆ ಕಾಣ್ತದೆ?” ಎಂದ ಪಂಚಾಕ್ಷರಪ್ಪ.

“ನೀವು ಹೊಡೆಯೋದು ಕಾಡುಪ್ರಾಣಿ ಫೋಟೋ ಅಲ್ಲೇನ್ರಿ?” ಎಂದು ನಗಲು ಹೋದ ಮುಕ್ತಾರ್ ನಗು ನುಂಗಿಕೊಂಡ. ಸಾವ್ಕಾರ ಮುಖದ ಮಾತೆತ್ತಿದ್ದು ಯಾಕೆಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ.

ಮಾಂಸ ಮುಟ್ಟದ ಮನೆಯ ಭತ್ತದ ವ್ಯಾಪಾರಿಗೆ ಕೋವಿಯ ಹುಚ್ಚು ಯಾಕಿತ್ತೋ! ಬೆಳೆ ಕಾಯುವ ನೆಪ ಬೇರೆ. ಹಿಂದಿನ ವರ್ಷ ಸೊರಬದ ಕಡೆ, ಕುಬಟೂರಿನ ಕೆರೆಯಂಚಿನ ಮಂಜಿನಲ್ಲಿ, ಕಪ್ಪಗೆ ಬಗ್ಗಿದ್ದನ್ನು ಹಂದಿಯೆಂದು ಹೊಡೆದಿದ್ದ. ಸತ್ತು ಬಿದ್ದವನು ತಲೆ ಮುಚ್ಚುವಂತೆ ಕಂಬಳಿ ಕೊಪ್ಪೆ ಹಾಕಿಕೊಂಡು ಸೌದೆ ಆಯುತ್ತಿದ್ದ ಬೆನಕಪ್ಪ. ಆಕಸ್ಮಿಕವೆಂದು ಎಲ್ಲರೂ ಬಾಯಿ ಮುಚ್ಚಿಕೊಂಡರು. ಪಂಚಾಕ್ಷರಪ್ಪ ಕೋವಿ ಬಿಟ್ಟ; ಬಗ್ಗಿದ ಆ ಕಪ್ಪು ಬೆನ್ನು ಅವನನ್ನು ಬಿಡಲಿಲ್ಲ. ಕಣ್ಣು ಮುಚ್ಚಿದರೆ ಅದೇ, ಒಮ್ಮೆಯೂ ಇತ್ತ ತಿರುಗುತ್ತಿರಲಿಲ್ಲ. ಹೊಡೆದರೂ ಜೀವ ಹೋಗದಂಥದ್ದೊಂದು ಅವನಿಗೆ ಬೇಕಾಗಿತ್ತು. ಅದಕ್ಕೇ ಮೊನ್ನೆಯಷ್ಟೇ ಕ್ಯಾಮೆರಾ ಕೊಂಡಿದ್ದ. ಹೊಡೆಯುವ ಮುಂಚೆ ಮುಖವೊಂದು ಕಂಡರೆ ಸಾಕಿತ್ತು.

ನೋಡಿ ಬಂದು ಹೇಳಲಿ ಎಂದು ಮುಕ್ತಾರ್ ಎರಡನ್ನೂ ಕೊಟ್ಟ. “ಒಂದ್ಮಾತು. ನಿಮ್ಮ ಕ್ಯಾಮೆರಾ ಹಳೇ ಮಾದರಿದು, ಹೊಡೆದ ಕೂಡ್ಲೆ ಒಳಗೆ ಕತ್ತಲಾಗ್ತದೆ. ಗಾಬ್ರಿ ಆಗಬ್ಯಾಡ್ರಿ. ರೀಲು ತಿರುವಿದ್ರೆ ಮತ್ತೆ ಕಾಣ್ತದೆ.”

ಮಾರನೆಯ ಬೆಳಗ್ಗೆ ಪಂಚಾಕ್ಷರಪ್ಪನನ್ನು ಕಾಲು ಅದೇ ಕೆರೆಯಂಚಿಗೇ ಎಳೆಯಿತು. ಗಿಡ್ಡ ಲೆನ್ಸಿನಲ್ಲಿ ಜಿಂಕೆ ಹುಡುಕುತ್ತಿದ್ದವನಿಗೆ ಮಂಜಿನೊಳಗೆ ಬಗ್ಗಿದ ಕಪ್ಪು ಬೆನ್ನು ಕಂಡಿತು. ಹಂದಿಯೋ, ಅವನೋ? ಉದ್ದದ್ದನ್ನು ಸಿಕ್ಕಿಸಿ, ಬಂಡೆಯ ಮೇಲೆ ಊರಿ ನೋಡಿದ. ಕಂಬಳಿ. ಬೆನ್ನಿನಲ್ಲಿ ಗುಂಡು ಹೊಕ್ಕ ತೂತು, ಅದಕ್ಕೆ ಕೆಂಪು ದಾರದ ಹೊಲಿಗೆ. ಬೆನಕಪ್ಪನದೇ.

“ತಿರುಗೋ ಮಾರಾಯ,” ಎಂದು ಬೇಡಿಕೊಂಡ.

ತಿರುಗಿತು. ಕೊಪ್ಪೆಯೊಳಗೆ ಬೆನಕಪ್ಪನ ಹೆಂಡತಿ ಗುತ್ಯಮ್ಮನ ಮುಖ. ಕಣ್ಣು ನೆಟ್ಟಗೆ ಅವನ ಮೇಲೆಯೇ ಇತ್ತು. ಬೆರಳು ತಾನಾಗಿ ಒತ್ತಿಬಿಟ್ಟಿತು. ಕತ್ತಲು.

ಮುಕ್ತಾರನ ಮಾತು ಮರೆತೇ ಹೋಯಿತು. ಕ್ಯಾಮೆರಾ ಅಲ್ಲೇ ಬಿಟ್ಟು, “ಮತ್ತೆ ಕೊಂದ್ನಲ್ಲಪ್ಪಾ!” ಎಂದು ಕೂಗುತ್ತ ಓಡಿದ.

ಗುತ್ಯಮ್ಮ ಸೌದೆ ಹಿಡಿದು ನಿಂತೇ ಇದ್ದಳು.

“ಹೊಡದ್ರಾ ಸಾವ್ಕಾರ್ರೆ?”

ಅವನು ಅಳುತ್ತ ಹೌದೆಂದು ತಲೆಯಾಡಿಸಿದ.

“ಈ ಸಲನಾದ್ರೂ ಮುಖ ಕಾಣ್ತಾ?”

ಕಾಣ್ತು ಎನ್ನಲು ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಬೆನ್ನು ತಿರುಗಿಸಿ, ಮತ್ತೆ ಸೌದೆಗೆ ಬಗ್ಗಿದ್ದಳು.