ನಾಲೆ ಫೋಟೋದ ಹದಿಮೂರನೆಯವನು

"ಈ ಕಡೆ ತಿರುಗ್ಸವ್ವ, ಬಿಸ್ಲು ಬಿದ್ದು ಒಂದೂ ಕಾಣಲ್ಲ" ಎಂದರು ಮುದುಕ ಅಂಜಿನಪ್ಪ. ಮಾನಸ ಟ್ಯಾಬನ್ನು ಚಪ್ಪರದ ನೆರಳಿಗೆ ತಿರುಗಿಸಿದಳು. ನಾಲ್ಕು ಹೆಜ್ಜೆ ಆಚೆ, ಬಾಗಿಲ ಮುಂದೆ, ಹುಲಿಯಮ್ಮನ ದೇಹವನ್ನು ಕುರ್ಚಿಯಲ್ಲಿ ಕೂರಿಸಿ ಹಾರ ಹಾಕಿದ್ದರು. ಸಾವಿನ ಮನೆಗೆ ಬಂದು ಕಂಡಕಂಡವರಿಗೆ ಫೋಟೋ ತೋರಿಸುವುದೆಂದರೆ ಮಾನಸಳಿಗೆ ಭಾರೀ ನಾಚಿಕೆ. ಆದರೇನು, ಹುಲಿಯಮ್ಮನಿಗೆ ಮಾತು ಕೊಟ್ಟಾಗಿತ್ತು.

"ಈ ಹೈದನ್ನ ನಾ ಕಂಡಿಲ್ಲ ಕಣವ್ವ. ಹುಲಿ ನೂರ್ ಸಲ ತೋರ್ಸಿದ್ಲು. ಹೋದ್ ವರ್ಷ ನನ್ ಹೆಂಡ್ರು ತೀರ್ಕಂಡಾಗ್ಲೂ ಬಂದ್ಲು, ಹೊಯ್ಕಂಡು ಅತ್ಲು, ಮೂಗು ಒರಸ್ಕಂಡು ಸೀದಾ ಚೀಲದಿಂದ ಇದನ್ನೇ ತೆಗೆದ್ಲು" ಎಂದರು ಅಂಜಿನಪ್ಪ.

ಪಕ್ಕದಲ್ಲಿದ್ದವರು ನಕ್ಕರು. ಬೆಳಗಿನಿಂದ ಅತ್ತು ಕಣ್ಣು ಊದಿಸಿಕೊಂಡಿದ್ದ ಹುಲಿಯಮ್ಮನ ಮಗಳು ಹೇಮಶ್ರೀಯೂ ನಕ್ಕಳು.

*

ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಮೂವತ್ತು ವರ್ಷ ಕಸ ಗುಡಿಸಿದವಳು ಹುಲಿಯಮ್ಮ. ನಿವೃತ್ತಿಯಾದ ಮೇಲೆ ಒಂದು ದಿನ ಪೆನ್ಷನ್ ಕಾಗದಕ್ಕೆಂದು ಹೋದವಳು ಮಾನಸಳ ಬೆನ್ನ ಹಿಂದೆ ನಿಂತುಬಿಟ್ಟಳು. ತರೀಕೆರೆ ಸೀಮೆಯ ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿ, ಚರಿತ್ರೆ ಓದುವವರಿಗೆಂದು ಕಂಪ್ಯೂಟರಿನಲ್ಲಿ ಜೋಡಿಸಿಡುವುದು ಮಾನಸಳ ಕೆಲಸ. ಪರದೆಯ ಮೇಲೆ ಭದ್ರಾ ನಾಲೆ ಅಗೆಯುವ ಹದಿಮೂರು ಜನ, ನಡುವೆ ಹ್ಯಾಟು ಹಾಕಿದ ಇಂಜಿನಿಯರ್. ಇಂಜಿನಿಯರ್ ಹೆಸರು ಬರೆದು, ಉಳಿದವರಿಗೆ 'ಕೂಲಿಗಳು, ಹೆಸರು ತಿಳಿಯದು' ಎಂದು ಟೈಪ್ ಮಾಡುತ್ತಿದ್ದಳು.

"ತಿಳೀದೇ ಏನು? ಮಣ್ ಮಂಕ್ರಿ ಹೊತ್ತಿರೋಳು ನಮ್ ಸಣ್ಣವ್ವ. ಆ ಮೂಗು ಇನ್ಯಾರಿಗೈತೆ?" ಎಂದಳು ಹುಲಿಯಮ್ಮ. "ಹ್ಯಾಟಿನೋನ ಹೆಸ್ರು ಬರ್ದಿದೀಯ. ಅವ್ನೇನು ಗುದ್ದಲಿ ಹಿಡಿದ್ನಾ?"

ಮಾನಸ ಎದ್ದು ಕುರ್ಚಿ ಕೊಟ್ಟಳು.

ಅಲ್ಲಿಂದ ಹನ್ನೊಂದು ವರ್ಷ ವಾರಕ್ಕೆರಡು ದಿನ ಹುಲಿಯಮ್ಮ ಬಸ್ಸು ಹತ್ತಿ ಬಂದಳು. ಓದು ಬಾರದು, ಆದರೆ ಮೂಗು, ಹುಬ್ಬು, ನಿಲ್ಲುವ ಠೀವಿ ನೋಡಿ ಮನೆತನ ಹೇಳುವಳು. ತನಗೆ ಗೊತ್ತಾಗದ ಮುಖಗಳ ಪ್ರಿಂಟು ತೆಗೆಸಿಕೊಂಡು ಲಿಂಗದಹಳ್ಳಿ, ಬೀರೂರು, ಚೌಳಹಿರಿಯೂರು ಎನ್ನದೆ ಸಾವಿನ ಮನೆಗಳಿಗೆ ಹೋಗುವಳು. ಮುದುಕರೆಲ್ಲ ಒಟ್ಟಿಗೆ ಸಿಗುವುದು ಅಲ್ಲೇ ಎಂಬುದು ಅವಳ ಲೆಕ್ಕಾಚಾರ. ನಾನೂರು ಜನಕ್ಕೆ ಹೆಸರು ಸಿಕ್ಕಿತು. ಪ್ರತಿ ಹೆಸರಿನ ಕೆಳಗೆ 'ಗುರುತಿಸಿದವರು: ಹುಲಿಯಮ್ಮ' ಎಂದು ಮಾನಸ ಸೇರಿಸಿದಳು.

ನಾಲೆ ಫೋಟೋದ ಹದಿಮೂರು ಕೂಲಿಗಳಲ್ಲಿ ಹನ್ನೆರಡು ಜನ ಸಿಕ್ಕರು. ಮುಂದಿನ ಸಾಲಿನ, ಬೋಳುತಲೆಯ, ಮೊಣಕಾಲು ಮುಚ್ಚುವ ಅಂಗಿ ತೊಟ್ಟ ಪುಟ್ಟ ಹೈದ ಮಾತ್ರ ಸಿಗಲಿಲ್ಲ.

ಈ ತಿಂಗಳ ಕೊನೆಗೆ ಯೋಜನೆ ಮುಗಿಯುತ್ತದೆ, ಆಮೇಲೆ ಒಂದಕ್ಷರ ಸೇರಿಸಲೂ ಆಗುವುದಿಲ್ಲ ಎಂದು ಮಾನಸ ಆಸ್ಪತ್ರೆಯಲ್ಲಿ ಹೇಳಿದಾಗ, ಮಲಗಿದ್ದ ಹುಲಿಯಮ್ಮ ಅವಳ ಕೈ ಹಿಡಿದುಕೊಂಡಿದ್ದಳು.

"ಹಂಗಾರೆ ನನ್ ಮಣ್ಣಿಗೆ ಬಾ. ಎಲ್ಲೆಲ್ಲಿರೋ ಮುದುಕ್ರೂ ಬತ್ತಾರೆ. ಹೆಣ ಎತ್ತೋದ್ರೊಳ್ಗೆ ಎಲ್ರುಗೂ ತೋರ್ಸು. ಪಾಪ, ಅಷ್ಟು ನಗ್ತಾ ನಿಂತೈತೆ. ಯಾರ್ದು ಅಂತ ಗೊತ್ತಿಲ್ದಂಗೆ ಹೋಗ್ಬಾರ್ದು ಕಣವ್ವ."

*

ಹನ್ನೊಂದು ಮಂದಿ ಮುದುಕರು ನೋಡಿ ತಲೆಯಾಡಿಸಿದರು. ಮಧ್ಯಾಹ್ನವಾಯಿತು. ತಮಟೆಯವರು ತಮಟೆ ಕಾಯಿಸತೊಡಗಿದರು. ಹೆಣ ಎತ್ತುವ ಹೊತ್ತು ಹತ್ತಿರವಾಗಿತ್ತು.

ಅಷ್ಟರಲ್ಲಿ ಬೀರೂರು ಸ್ಟೇಷನ್ನಿನಿಂದ ಬಂದ ಆಟೋ ನಿಂತಿತು. ಇಳಿದವನು ಹುಲಿಯಮ್ಮನ ಅಣ್ಣ ಓಬಳಪ್ಪ. ಹದಿನೆಂಟಕ್ಕೇ ರೈಲ್ವೆ ಸೇರಿ ಹುಬ್ಬಳ್ಳಿಯಲ್ಲೇ ಉಳಿದವನು. ತಂಗಿಯ ಕಾಲ ಬಳಿ ಕೂತು ಗೋಳೋ ಎಂದು ಅತ್ತ. ಹೇಮಶ್ರೀ ನೀರು ಕೊಟ್ಟು, "ಸಾಕು ಮಾವ, ಸಮಾಧಾನ ಮಾಡ್ಕ" ಎಂದಳು.

ಮಾನಸ ಟ್ಯಾಬು ಹಿಡಿದು ಹತ್ತಿರ ಹೋದಳು. ಅಂಜಿನಪ್ಪ ಅಡ್ಡ ಬಂದರು. "ಅವ್ನಿಗೇನ್ ಗೊತ್ತು? ಊರ್ ಬಿಟ್ಟೋನು ಅಂತ ಹುಲೀನೇ ಒಂದಿನಾನೂ ಇವ್ನನ್ನ ಕೇಳ್ಲಿಲ್ಲ."

"ಒಂದ್ಸಲ ನೋಡ್ಲಿ ಬಿಡಿ" ಎಂದಳು ಮಾನಸ.

ಓಬಳಪ್ಪ ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡು ನೋಡಿದ. ನೋಡುತ್ತ ನೋಡುತ್ತ ಅವನ ಹೊಟ್ಟೆ ಕುಲುಕತೊಡಗಿತು. ಮತ್ತೆ ಅಳುತ್ತಿದ್ದಾನೆ ಎಂದುಕೊಂಡರು ಎಲ್ಲರೂ. ಅವನು ನಗುತ್ತಿದ್ದ.

"ಹೈದ ಅಲ್ಲ ಕಣ್ರೀ ಇದು. ನಮ್ ಹುಲಿ."

ಅಂಜಿನಪ್ಪ ಟ್ಯಾಬಿಗೆ ಬಗ್ಗಿ ನೋಡಿದರು.

"ಅವ್ವ ಹೆರಿಗೆಗೆ ಹೋಗಿದ್ಲು. ತಲೆ ತುಂಬ ಹೇನು ಅಂತ ನಾನೇ ಬೋಳ್ಸಿ, ನನ್ ಅಂಗಿ ಹಾಕಿ, ಸಣ್ಣವ್ವನ ಜತೆ ನಾಲೆ ಕೆಲ್ಸಕ್ಕೆ ಕಳಿಸ್ದೆ. ಮೂರು ವರ್ಷದ ಕೂಸು, ಅದಕ್ಕೆಲ್ಲಿ ಗ್ಯಾಪ್ಕ ಇರ್ತೈತೆ? ಅವ್ವ ಬಂದು ನನ್ ಬೆನ್ನಿಗೆ ಸರಿಯಾಗಿ ಬಾರ್ಸಿದ್ಲು."

"ಅಯ್ಯೋ ನಿನ್ನ, ಹನ್ನೊಂದು ವರ್ಷ ಊರೂರು ಅಲೆದ್ಲಲ್ಲೋ" ಎಂದು ಅಂಜಿನಪ್ಪ ಹಣೆ ಚಚ್ಚಿಕೊಂಡರು. ಮೊದಲು ಹೇಮಶ್ರೀ ನಕ್ಕಳು, ಆಮೇಲೆ ಚಪ್ಪರಕ್ಕೆ ಚಪ್ಪರವೇ ನಕ್ಕಿತು. ತಮಟೆಯವರೂ ಎದ್ದು ಬಂದು ಇಣುಕಿದರು.

ಮಾನಸ ಆ ಮುಖದ ಕೆಳಗೆ 'ಹುಲಿಯಮ್ಮ' ಎಂದು ಟೈಪ್ ಮಾಡಿದಳು. ಗುರುತಿಸಿದವರು: ಓಬಳಪ್ಪ, ಅಣ್ಣ. ಅವಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಓಬಳಪ್ಪ ಅವಳ ಕೈಯಿಂದ ಟ್ಯಾಬು ತೆಗೆದುಕೊಂಡು ಹೋಗಿ ತಂಗಿಯ ಮುಖದ ಮುಂದೆ ಹಿಡಿದ.

"ನೋಡ್ಕಳೇ" ಎಂದ. ಆಮೇಲೆ ಏನೋ ಹೊಳೆದಂತೆ ತಿರುಗಿದ. "ಮಗಾ ಹೇಮ, ಇವಳ ಕನ್ನಡಕ ಎಲ್ಲಿಟ್ಟಿದೀಯ?"

ಹೇಮಶ್ರೀ ಒಳಗೆ ಓಡಿದಳು. ಕನ್ನಡಕ ತಂದು, ಸೆರಗಿನಿಂದ ಒರೆಸಿ, ಅವ್ವನ ಮೂಗಿನ ಮೇಲೆ ನೇರವಾಗಿ ಕೂರಿಸಿದಳು.