ಕೊರಳಿಗೆ ಕಟ್ಟಿದ ಚೀಟಿ

"ಬಾಯಿ ತೆರ್ಕೊಂಡು ಕೂರು ಅಂತ ಹೇಳೇ ನಿನ್ನ ಮಗಳಿಗೆ. ಒಳ್ಳೇ ಮದುವೆಗೆ ಹೊರಟೋಳ ಥರ ಕೂತಿದಾಳೆ. ಇವಳನ್ನ ನೋಡಿದ್ರೆ ಯಾರಿಗೆ ಕನಿಕರ ಬರುತ್ತೆ?"

ಮ್ಯಾನೇಜರ್ ಹೀಗೆಂದು ನನ್ನ ಮಗಳ ತಲೆಗೆ ಕೈ ಹಾಕಿ ಕೂದಲು ಕೆದರಿದ. ಬೆಳಿಗ್ಗೆ ಎಣ್ಣೆ ಹಚ್ಚಿ, ಬೈತಲೆ ತೆಗೆದು ನಾನೇ ಬಾಚಿದ್ದ ತಲೆ. ಕೈಗೆ ಮೆತ್ತಿದ ಎಣ್ಣೆಯನ್ನು ಅವಳ ಅಂಗಿಗೇ ಒರೆಸಿದ.

ಇದು ಬುದ್ಧಿ ನಿಧಾನವಾಗಿ ಬೆಳೆಯುವ ಮಕ್ಕಳ ಶಾಲೆ. ಇಲ್ಲಿ ಪಾತ್ರೆ, ನೆಲ, ಕಕ್ಕಸು ತೊಳೆಯುವವಳು ನಾನು. ಬೆಳಿಗ್ಗೆ ಟೀಚರಮ್ಮ ಮಕ್ಕಳಿಗೆ ಓದು ಕಲಿಸುತ್ತಾಳೆ. ಮಧ್ಯಾಹ್ನದ ಮೇಲೆ ಮಕ್ಕಳು ಅಂಗಡಿಗಳಿಗೆ ಕಾಗದದ ಚೀಲ ಅಂಟಿಸಬೇಕು. ಅದಕ್ಕೆ ತರಬೇತಿ ಎಂದು ಹೆಸರು, ಕೂಲಿ ಮಾತ್ರ ಇಲ್ಲ. ಇನ್ನು ಮೇಲೆ ಓದು ಬಂದ್, ಇಡೀ ದಿನ ಚೀಲವೇ ಎಂದು ಮ್ಯಾನೇಜರ್ ಹೇಳಿಬಿಟ್ಟಿದ್ದ. "ಕೋಣನ ಮುಂದೆ ಕಿನ್ನರಿ ಬಾರಿಸಿದ್ದು ಸಾಕು" ಎಂದಿದ್ದ ಟೀಚರಮ್ಮನಿಗೆ. ಇವತ್ತು ದಾನ ಕೊಡುವ ಯಜಮಾನಿ ಬರುತ್ತಾಳೆ, ಅವಳೆದುರು ಒಂದು ಮಗುವಾದರೂ ಓದಿ ತೋರಿಸಿದರೆ ಪಾಠ ಉಳಿದೀತು ಎಂಬ ಆಸೆ ನಮ್ಮಿಬ್ಬರದು.

ಟೀಚರಮ್ಮ ಅಆಇಈ ಎಂದು ಬಾಯಿಪಾಠ ಮಾಡಿಸುವವಳಲ್ಲ. ಬಾಗಿಲಿಗೆ 'ಬಾಗಿಲು', ನಲ್ಲಿಗೆ 'ನಲ್ಲಿ' ಎಂದು ಚೀಟಿ ಹಚ್ಚುತ್ತಾಳೆ. ಆಮೇಲೆ ಬೇಕೆಂದೇ ನಲ್ಲಿಯ ಚೀಟಿಯನ್ನು ಬೆಂಚಿಗೆ ಹಚ್ಚಿ, ಏನೂ ಅರಿಯದವಳ ಹಾಗೆ ನಿಲ್ಲುತ್ತಾಳೆ. ಮಕ್ಕಳು ಅದನ್ನು ಓದಿ, ನಕ್ಕು, ಕಿತ್ತು ಸರಿಯಾದ ಜಾಗಕ್ಕೆ ಹಚ್ಚಬೇಕು. ನನ್ನ ಮಗಳಿಗೆ 'ನಲ್ಲಿ' ತಲೆಗೆ ಹತ್ತಲು ಒಂದು ಮಳೆಗಾಲ ಪೂರ್ತಿ ಹಿಡಿಯಿತು. ಈಗ ಗೊತ್ತಿಲ್ಲದ ಮಾತನ್ನೂ ಅಕ್ಷರ ಅಕ್ಷರ ಕೂಡಿಸಿ ಓದುತ್ತಾಳೆ. ನನಗೆ ಓದು ಬರದು. ಅವಳ ಬಾಯಿಂದ ಕೇಳುವುದೇ ನನಗೊಂದು ಸುಖ.

ಟೀಚರಮ್ಮ ಯಜಮಾನಿಯನ್ನು ಕರೆತರಲು ಗೇಟಿನ ಹತ್ತಿರ ಹೋಗಿದ್ದಾಗ ಮ್ಯಾನೇಜರ್ ದಾರ ಪೋಣಿಸಿದ ದಪ್ಪ ಚೀಟಿಗಳ ಕಟ್ಟು ತಂದ.

"ಒಂದೊಂದರ ಕೊರಳಿಗೂ ಕಟ್ಟು."

"ಏನು ಬರ್ದಿದೆ ಸಾರ್?"

"ಶಾಲೆ ಹೆಸರು ಕಣೇ. ಕಕ್ಕಸು ತೊಳಿಯೋಳಿಗೆ ಯಾಕೆ ಅಧಿಕಪ್ರಸಂಗ?"

ನಾನು ಎಲ್ಲರಿಗೂ ಕಟ್ಟಿದೆ. ದಾರ ಕುತ್ತಿಗೆಗೆ ಒತ್ತದ ಹಾಗೆ ನೋಡಿ ನೋಡಿ ಕಟ್ಟಿದೆ.

ಯಜಮಾನಿ ಮೂಗಿಗೆ ಕರ್ಚೀಫು ಒತ್ತಿಕೊಂಡೇ ಒಳಗೆ ಬಂದಳು. ಫಿನಾಯಿಲ್ ಹಾಕಿ ಉಜ್ಜಿದ ನೆಲ, ಅದ್ಯಾವ ನಾತ ಬಂತೋ ಆಯಮ್ಮನಿಗೆ. ಹಿಂದೆ ಒಬ್ಬ ಫೋಟೋದವನು, ಅವನ ಹಿಂದೆ ಟೀಚರಮ್ಮ. ಚೀಲ ಅಂಟಿಸುವುದನ್ನು ತೋರಿಸಲೆಂದು ಬೆಂಚುಗಳ ಮೇಲೆ ಅಂಟಿನ ಬಟ್ಟಲು ಇಟ್ಟಿದ್ದರು. ಮಗಳು ಮಾತ್ರ ಎದೆಯ ಮೇಲಿನ ಚೀಟಿಯನ್ನು ತಿರುಗಿಸಿ, ಅಕ್ಷರದ ಕೆಳಗೆ ಬೆರಳಿಟ್ಟಳು.

"ನ...ನಗೆ. ಬು...ಬುದ್ಧಿ. ಇಲ್ಲ. ನಿ...ಮಗೆ. ದಯೆ. ಇದೆ."

ಟೀಚರಮ್ಮನ ಮುಖ ಸುಣ್ಣದ ಹಾಗಾಯಿತು. ನಾನು ನನ್ನ ಕೈಯಾರೆ ಕಟ್ಟಿದ್ದು ಏನೆಂದು ನನಗಾಗ ತಿಳಿಯಿತು. ಈ ಕೈಯನ್ನು ಕತ್ತರಿಸಿ ಎಸೆಯಬೇಕು ಅನ್ನಿಸಿತು.

ಯಜಮಾನಿ ಚಪ್ಪಾಳೆ ತಟ್ಟಿದಳು. "ಪಾಪ, ಗಿಳಿ ಹೇಳ್ದಂಗೆ ಹೇಳ್ತು. ಎಷ್ಟು ಚೆನ್ನಾಗಿ ಬಾಯಿಪಾಠ ಮಾಡ್ಸಿದೀರ."

"ಬಾಯಿಪಾಠ ಅಲ್ಲಮ್ಮ, ಓದಿದ್ಲು" ಎಂದಳು ಟೀಚರಮ್ಮ. "ಬೇಕಾದ್ರೆ ನೀವೇ ಏನಾದ್ರೂ ಬರ್ದು ಕೊಡಿ."

"ಓದೋಕೆ ಬರೋ ಮಕ್ಕಳಿಗೆ ನಾನ್ಯಾಕಮ್ಮ ದಾನ ಕೊಡ್ಲಿ?"

ಮ್ಯಾನೇಜರ್ ಹಲ್ಲು ಗಿಂಜಿದ. "ಎಲ್ಲಿ ಬರುತ್ತೆ ಅಮ್ಮಾವ್ರೇ, ಸುಮ್ನೆ ಹೇಳ್ತಾಳೆ. ನಾಳೆಯಿಂದ ಪಾಠ ಗೀಠ ಏನೂ ಇಲ್ಲ, ಬರೀ ಚೀಲ."

"ಇನ್ನೊಂದ್ಸಲ ಹೇಳ್ಸಿ ಸಾರ್," ಎಂದ ಫೋಟೋದವನು, "ಸ್ವಲ್ಪ ಕಣ್ಣೀರು ಬರೋ ಹಾಗೆ."

ಮ್ಯಾನೇಜರ್ ಮಗಳ ತೋಳನ್ನು ಹಿಂದಿನಿಂದ ಚಿವುಟಿದ. ಅವಳು ಅಳಲಿಲ್ಲ. ಚೀಟಿಯನ್ನು ಕೊರಳಿಂದ ಕಿತ್ತಳು.

"ಏಯ್, ಮತ್ತೆ ಕಟ್ಟೇ ಅದನ್ನ. ಏನು ನೋಡ್ತಿದೀಯ, ದರಿದ್ರ ಮುಂಡೇದೆ" ಎಂದು ಮ್ಯಾನೇಜರ್ ನನ್ನ ಮೇಲೆ ಹರಿಹಾಯ್ದ.

"ನಿಮ್ಮಮ್ಮನ ಕೊರಳಿಗೆ ಕಟ್ಟೋಗೋ, ಬೋಳಿಮಗನೆ" ಎಂದೆ.

"ತಾಯಿ ಮಗಳು ಇಬ್ರೂ ಇವತ್ತೇ ಬೀದಿಗೆ. ತಿಳ್ಕೋ."

"ಕಕ್ಕಸು ಬೀದೀಲೂ ಇರ್ತವೆ. ಅಲ್ಲಿ ನಿನ್ನ ಮುಖ ಇರಲ್ಲ, ಅಷ್ಟೇ."

ಮಗಳು ಚೀಟಿ ಹಿಡಿದು ಗೊಂದಲದಿಂದ ನನ್ನನ್ನು ನೋಡುತ್ತಿದ್ದಳು.

"ಅಮ್ಮ, ಇದು ನಂದಲ್ಲ. ಎಲ್ಲಿಗೆ ಹಚ್ಲಿ?"

"ನೀನೇ ಸರಿಯಾಗಿ ನೋಡಿ ಹಚ್ಚು, ಮಗಳೇ."

ಅವಳು ಬಟ್ಟಲಿಗೆ ಬೆರಳದ್ದಿ ಚೀಟಿಯ ಬೆನ್ನಿಗೆ ಅಂಟು ಸವರಿದಳು. ಅವಳನ್ನು ನೋಡಿ ಪಕ್ಕದ ಹುಡುಗ ತನ್ನದನ್ನು ಕಿತ್ತ. ಆಮೇಲೆ ಅವನ ಹಿಂದಿನವಳು, ಆಮೇಲೆ ಎಲ್ಲರೂ. ಬೆಂಚುಗಳು ಕಿರುಗುಟ್ಟಿದವು. ಒದ್ದೆ ಚೀಟಿಗಳನ್ನು ಮುಂದೆ ಹಿಡಿದುಕೊಂಡು ಮಕ್ಕಳು ಒಬ್ಬೊಬ್ಬರ ಮುಖವನ್ನೂ ಗಮನವಿಟ್ಟು ನೋಡುತ್ತಾ ಹತ್ತಿರ ಹತ್ತಿರ ಬಂದರು. ಮ್ಯಾನೇಜರ್ ಗದರಿದ. ಯಾವ ಮಗುವೂ ನಿಲ್ಲಲಿಲ್ಲ.

"ಇವನ್ನ ಹಿಡಿರೋ ಯಾರಾದ್ರೂ" ಎನ್ನುತ್ತಾ ಯಜಮಾನಿ ಬಾಗಿಲ ಕಡೆ ಹಿಂದೆ ಹಿಂದೆ ಸರಿದಳು.

ನಾನು ಅವಳಿಗಿಂತ ಮೊದಲೇ ಅಲ್ಲಿಗೆ ಹೋಗಿ, ಒಳಗಿನಿಂದ ಚಿಲಕ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.