ದೇವರ ಕೋಣೆಯ ಬೀಗ

ನಮ್ಮ ಮನೆಯ ಗಂಡಸರಿಗೆ ಮಾನ ಎಂದರೆ ಬೀಗ. ಹಸಿವು, ನಿದ್ದೆ, ಹೆಂಡತಿ, ಮಕ್ಕಳು ಎಲ್ಲ ಅದರ ಆಮೇಲೆ. ನಾವು ಮಾಡಿದ ಬೀಗವನ್ನು ಇವತ್ತಿನವರೆಗೆ ಯಾರೂ ಒಡೆದಿಲ್ಲ ಎಂದು ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾರೆ. ಬಂದವರು ಪಾಪ, ಸೈಕಲ್ಲಿನ ಕೀ ಕಳೆದುಕೊಂಡು ಬಂದಿರುತ್ತಾರೆ. ತಲೆಯಾಡಿಸಿ, ನನ್ನಿಂದ ಡೂಪ್ಲಿಕೇಟ್ ಮಾಡಿಸಿಕೊಂಡು ಹೋಗುತ್ತಾರೆ. ಕೈಯಿಂದ ಬೀಗ ಮಾಡುವ ಕೆಲಸ ನಮ್ಮಲ್ಲಿ ನಿಂತುಹೋಗಿ ಎಷ್ಟೋ ಕಾಲವಾಯಿತು. ಈಗ ಕಾರ್ಖಾನೆಯ ಬೀಗಗಳನ್ನು ತಂದು ಮಾರುತ್ತೇವೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಿಲ್ಲ ಅನ್ನುತ್ತಾರಲ್ಲ, ಆ ಜಟ್ಟಿಯ ಮಗಳು ನಾನು.

ಹಿಂದೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಒಂದು ಬೀಗವನ್ನು ಒಬ್ಬನೇ ಮಾಡಬಾರದು. ಅಣ್ಣ ಬೀಗದ ಒಳಗನ್ನು ಮಾಡಬೇಕು, ತಮ್ಮ ಕೀ ಮಾಡಬೇಕು. ಒಬ್ಬರ ಗುಟ್ಟನ್ನು ಇನ್ನೊಬ್ಬರು ಕೇಳುವ ಹಾಗಿಲ್ಲ. ಬೀಗದ ಒಳಗೆ ಒಂದು ಕಳ್ಳಕೊಂಡಿ ಇರುತ್ತದೆ. ಕೀಯನ್ನು ಒಂದು ಸುತ್ತು ಹೆಚ್ಚಿಗೆ ತಿರುಗಿಸಿದರೆ ಅದು ಕೆಳಗೆ ಬೀಳುತ್ತದೆ. ಬಿದ್ದ ಮೇಲೆ ಸರಿಯಾದ ಕೀ ಹಾಕಿದರೂ ಬೀಗ ಜಪ್ಪಯ್ಯ ಅನ್ನುವುದಿಲ್ಲ. ಆ ಕೊಂಡಿಯನ್ನು ಎಲ್ಲಿಂದ ಹೇಗೆ ಎತ್ತಬೇಕು ಎನ್ನುವುದು ಒಳಗು ಮಾಡಿದವನೊಬ್ಬನಿಗೇ ಗೊತ್ತು. ಇದನ್ನು ನಮ್ಮ ಹಿರಿಯರು ನಂಬಿಕೆ ಎಂದು ಕರೆದರು. ನನಗೆ ಮಾತ್ರ ಇದು ಒಬ್ಬರನ್ನೊಬ್ಬರು ನಂಬದವರು ಕಂಡುಕೊಂಡ ಉಪಾಯದ ಹಾಗೆ ಕಾಣುತ್ತದೆ.

ಈ ಕಾಲದ ಅಣ್ಣ ನನ್ನ ದೊಡ್ಡಪ್ಪ, ತಮ್ಮ ನನ್ನ ಅಪ್ಪ. ಇಬ್ಬರೂ ಸೇರಿ ಮಾಡಿದ ಕೊನೆಯ ಬೀಗ ನಮ್ಮ ದೇವರ ಕೋಣೆಯ ಬಾಗಿಲಿನಲ್ಲಿದೆ. ಆ ಕೋಣೆಯಲ್ಲಿ ಕದಿಯುವಂಥದ್ದು ಏನಿದೆ? ಒಂದು ದೀಪ, ಒಂದು ಚಾಪೆ, ಓಣಿಯ ಕಡೆಗೆ ಒಂದು ಸರಳಿನ ಕಿಟಕಿ. ದೇವರನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ? ಆದರೂ ಇಡೀ ಪೇಟೆಯಲ್ಲಿ ಅಂಥ ಬೀಗ ಇನ್ನೊಂದಿಲ್ಲ. ಅದನ್ನು ನೋಡಲು ಬಂದ ಒಬ್ಬ ವ್ಯಾಪಾರಿ, "ಇದರಲ್ಲಿ ಹೆಚ್ಚುಗಾರಿಕೆ ಬೀಗದ್ದೋ ಕೀದೋ?" ಎಂದು ಕೇಳಿಬಿಟ್ಟ. ಅವನು ಕಾಫಿ ಕುಡಿದು ಹೊರಟುಹೋದ. ಇವರಿಬ್ಬರು ಇವತ್ತಿಗೂ ಆ ಪ್ರಶ್ನೆಗೆ ಉತ್ತರ ಕೊಡುತ್ತಲೇ ಇದ್ದಾರೆ. ದೊಡ್ಡಪ್ಪ ಓಣಿಯ ಆ ತುದಿಯಲ್ಲಿ ಬೇರೆ ಅಂಗಡಿ ಹಾಕಿದರು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರು ಒಂದು ಮನೆಯಲ್ಲಿ ಒಬ್ಬರಿದ್ದರೆ ಹೇಗೋ ಸುಧಾರಿಸಬಹುದು. ನಮ್ಮಲ್ಲಿ ಇಬ್ಬರು.

ಅಮ್ಮನಿಗೆ ಮಾತ್ರ ಇದು ಸಹಿಸದ ಸಂಗತಿ. ಅವಳು ದಿನಾ ಬೆಳಿಗ್ಗೆ ದೇವರ ಕೋಣೆಯಲ್ಲಿ ಕೂತು ಅಣ್ಣತಮ್ಮಂದಿರು ಒಂದಾಗಲಿ ಎಂದು ಬೇಡಿಕೊಳ್ಳುತ್ತಾಳೆ. ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದಳು. ಆವತ್ತು ಏನಾಯಿತೋ, ಬಾಯಿ ಬಿಟ್ಟು ಬೇಡಿಕೊಂಡಳು.

"ಭಾವನೋರ ಮನಸ್ಸು ಕರಗ್ಲಿ ದೇವರೇ. ಅವರಿಗೆ ಆರೋಗ್ಯ ಕೊಡು."

ಅಪ್ಪ ಹಜಾರದಲ್ಲಿ ಷರಟಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಮೂಗಿನ ತುದಿಯಲ್ಲಿದ್ದ ಕೋಪ ನೆತ್ತಿಗೇರಿತು.

"ನನ್ನ ಮನೇಲಿ, ನನ್ನ ದೀಪದ ಮುಂದೆ, ಅವನಿಗೆ ಆರೋಗ್ಯನಾ? ಅಲ್ಲೇ ಬಿದ್ದಿರು ಹಾಗಾದ್ರೆ!"

ಬಾಗಿಲನ್ನು ದಡಾರನೆ ಎಳೆದು ಕೀ ತಿರುಗಿಸಿದರು. ಸಿಟ್ಟಿನ ಕೈಗೆ ಸುತ್ತಿನ ಲೆಕ್ಕ ಎಲ್ಲಿಯದು? ಒಳಗೆ ಟಕ್ ಎಂದು ಏನೋ ಬಿತ್ತು. ಅಪ್ಪನ ಮುಖ ಬಿಳಿಚಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಕೀಯನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು, ಎಣ್ಣೆ ಬಿಟ್ಟರು, ಊದಿದರು. ಬೀಗ ಕಲ್ಲಿನ ಹಾಗೆ ಕೂತಿತ್ತು.

"ಕಳ್ಳಕೊಂಡಿ ಬಿತ್ತಾ?" ಎಂದೆ.

"ಹೂಂ."

"ದೊಡ್ಡಪ್ಪನ್ನ ಕರ್ಕೊಂಡು ಬರ್ತೀನಿ."

"ಅವನು ಈ ಹೊಸ್ತಿಲು ತುಳಿದ್ರೆ ನನ್ನ ಹೆಣದ ಮೇಲೆ ತುಳೀಬೇಕು."

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎಂದು ಕೇಳುತ್ತಾರೆ. ಅಪ್ಪನ ವಿಚಾರದಲ್ಲಿ ಕೊಯ್ದದ್ದು ಯಾವಾಗಲೂ ಬೇರೆಯವರ ಮೂಗು. ಅವರು ಷರಟಿನ ಉಳಿದ ಗುಂಡಿಗಳನ್ನು ಹಾಕಿಕೊಂಡು ಮನೆಯ ಮುಂಭಾಗದಲ್ಲೇ ಇರುವ ಅಂಗಡಿಯ ಬಾಗಿಲು ತೆರೆಯಲು ಹೋದರು. ಸುಳ್ಳಲ್ಲ. ಹೆಂಡತಿಯನ್ನು ಕೂಡಿಹಾಕಿ, ಅಂಗಡಿಗೆ ಹೋಗಿ, ಗಲ್ಲಾ ಒರೆಸಿದರು.

ನಾನು ಅಪ್ಪನ ಮಾತನ್ನು ಅಲ್ಲೇ ಬಿಟ್ಟು ದೊಡ್ಡಪ್ಪನ ಅಂಗಡಿಗೆ ಹೋದೆ. ಅವರು ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಕೊಂಡಿ ಬಿದ್ದಿದೆ ಎಂದಾಗ ಅವರ ತುಟಿಯ ಮೂಲೆಯಲ್ಲಿ ನಗು ಬಂತು. ಆ ನಗುವಿಗೆ ಒಂದು ಬಾರಿಸಬೇಕು ಅನ್ನಿಸಿತು.

"ಕೀನೇ ದೊಡ್ಡದು ಅಂದಿದ್ದನಲ್ಲ ನಿಮ್ಮಪ್ಪ. ಕೀನಲ್ಲೇ ತೆಗೀಲಿ."

"ದೊಡ್ಡಪ್ಪ, ಒಳಗಿರೋದು ಅಮ್ಮ. ನಿಮ್ಮ ಆರೋಗ್ಯಕ್ಕೆ ಬೇಡ್ಕೊಂಡಿದ್ದಕ್ಕೇ ಒಳಗಿದಾಳೆ."

ಅವರು ಪೇಪರ್ ಮಡಿಸಿದರು. ಒಂದು ಕ್ಷಣ ಏಳುತ್ತಾರೆ ಎಂದುಕೊಂಡೆ. ಪುಟ ತಿರುವಿ ಮತ್ತೆ ಬಿಡಿಸಿದರು.

"ನಿಮ್ಮಮ್ಮ ಚಿನ್ನದಂಥೋಳು. ಅದಕ್ಕೇ ಹೇಳ್ತಿದೀನಿ, ಅವನೇ ಬಂದು ಕರೀಲಿ. ಬಾಗಿಲಲ್ಲಿ ನಿಂತು 'ಅಣ್ಣಾ ಬಾ' ಅನ್ಲಿ. ಅರೆಗಳಿಗೇಲಿ ತೆಗೆದುಕೊಟ್ಟು ಬರ್ತೀನಿ."

ಚಿನ್ನದಂಥವಳನ್ನು ತಿಜೋರಿಯಲ್ಲೇ ಇರಿಸಿಬಿಟ್ಟರು ಮಹಾನುಭಾವರು.

ಮನೆಯ ಪಕ್ಕದ ಓಣಿಗೆ ಹೋಗಿ ಕಿಟಕಿಯ ಕೆಳಗೆ ನಿಂತೆ. ಅಮ್ಮ ಅಳುತ್ತಿರುತ್ತಾಳೆ ಎಂದುಕೊಂಡಿದ್ದೆ. ಅವಳು ಚಾಪೆಯನ್ನು ಕಿಟಕಿಯ ಹತ್ತಿರ ಎಳೆದುಕೊಂಡು, ಸರಳಿಗೆ ಕೆನ್ನೆ ಕೊಟ್ಟು ಕೂತಿದ್ದಳು.

"ಶ್, ಅಲ್ನೋಡು," ಎಂದಳು.

ಎದುರು ಮನೆಯ ಮುಂದೆ ನಿಲ್ಲಿಸಿದ್ದ ಸ್ಕೂಟರಿನ ಸೀಟಿನ ಮೇಲೆ ಬೆಕ್ಕೊಂದು ಮಲಗಿತ್ತು. ಸ್ಕೂಟರಿನ ಯಜಮಾನ ಕೈಯಲ್ಲಿ ಟಿಫನ್ ಡಬ್ಬಿ ಹಿಡಿದುಕೊಂಡು ಅದು ಏಳಲಿ ಎಂದು ಕಾಯುತ್ತಿದ್ದ. ಎಬ್ಬಿಸಲು ಮನಸ್ಸಿಲ್ಲ, ಕೆಲಸಕ್ಕೆ ಹೊತ್ತಾಗಿದೆ. ಗಡಿಯಾರ ನೋಡುತ್ತಾನೆ, ಬೆಕ್ಕನ್ನು ನೋಡುತ್ತಾನೆ.

"ಎಷ್ಟ್ ಹೊತ್ತಿಂದ ನಿಂತಿದಾನೆ ಗೊತ್ತಾ? ಪಾಪದೋನು. ದಿನಾ ಹಿಂಗೇ ಮಾಡ್ತಾನೋ ಏನೋ. ಎಷ್ಟೋ ಸಲ ಈ ಕಿಟಕಿ ಒರೆಸಿದೀನಿ, ಇದರಿಂದ ಆಚೆ ನೋಡೇ ಇರ್ಲಿಲ್ಲ ಕಣೇ."

ನನಗೆ ಮೈ ಉರಿಯಿತು. "ಅಮ್ಮ, ನಿನ್ನನ್ನ ಕೂಡಿಹಾಕಿದಾರೆ!"

"ಗೊತ್ತು, ನಾನೇನು ಕುರುಡಿನಾ? ಗಂಡ ಹೆಂಡತಿ ಜಗಳ ಉಂಡು ಮಲಗೋ ತನಕ. ಅವರ ಸಿಟ್ಟು ಇಳೀಲಿ. ತಾವೇ ಹೋಗಿ ಭಾವನೋರನ್ನ ಕರ್ಕೊಂಡು ಬರ್ತಾರೆ."

"ಬರಲ್ಲ."

"ನನಗೋಸ್ಕರ ಬರ್ತಾರೆ," ಎಂದಳು ಅಮ್ಮ. ದೀಪದ ಮುಂದೆ ಬೇಡಿಕೊಳ್ಳುವಾಗಿನ ಅದೇ ದನಿ. ಅವಳ ನಂಬಿಕೆಯಲ್ಲಿ ದೇವರು ಒಂದು ಪಾಲು, ಅಪ್ಪ ಒಂದು ಪಾಲು. ಇಬ್ಬರೂ ಅವಳಿಗೆ ತಿರುಗಿ ಏನು ಕೊಟ್ಟಿದ್ದಾರೆ ಎಂದು ಅವಳು ಯಾವತ್ತೂ ಕೇಳಿಲ್ಲ.

ನಾನು ಚಹಾ ಮಾಡಿ ತಂದು ಸರಳುಗಳ ನಡುವೆ ಲೋಟ ದಾಟಿಸಿದೆ. ಒಂದು ಖಾಲಿ ಪೆಟ್ಟಿಗೆ ಬೋರಲು ಹಾಕಿ, ನನ್ನ ಲೋಟ ಹಿಡಿದು ಕಿಟಕಿಯ ಕೆಳಗೆ ಕೂತೆ. ಅಮ್ಮ ಒಳಗೆ, ನಾನು ಹೊರಗೆ. ಅವಳು ಚಹಾವನ್ನು ಬಿಸಿಬಿಸಿಯಾಗಿ ಗುಟುಕು ಗುಟುಕಾಗಿ ಕುಡಿದಳು. ಮನೆಯಲ್ಲಿ ಅವಳು ಚಹಾ ಕುಡಿಯುವುದು ಎಲ್ಲರದ್ದೂ ಆದ ಮೇಲೆ, ನಿಂತುಕೊಂಡು, ತಣ್ಣಗಾದದ್ದನ್ನು. ಇಸ್ತ್ರಿ ಅಂಗಡಿಯವನು ಬಟ್ಟೆಯ ಮೇಲೆ ನೀರು ಚಿಮುಕಿಸುವ ರೀತಿ ನೋಡಿ ನಕ್ಕಳು. ಎದುರು ಮಹಡಿಯಲ್ಲಿ ಹೆಂಗಸೊಬ್ಬಳು ತಲೆಗೂದಲು ಒಣಗಿಸಿಕೊಳ್ಳುತ್ತ ಯಾರ ಮೇಲೋ ಕೂಗಾಡುತ್ತಿದ್ದಳು. ಅವಳ ಜಗಳ ಯಾರ ಜೊತೆ ಎಂದು ನಾವಿಬ್ಬರೂ ಊಹೆ ಮಾಡಿದೆವು. ಅತ್ತೆ ಎಂದೆ ನಾನು. ಅಲ್ಲ, ಗಿಳಿ ಎಂದಳು ಅಮ್ಮ. ಗಿಳಿಯೇ ಆಗಿತ್ತು. ಅಷ್ಟು ಸಿಟ್ಟಿನಲ್ಲೂ ನನಗೆ ಆ ಚಹಾ ರುಚಿಸಿತು, ಅದನ್ನು ಇಲ್ಲ ಎನ್ನಲಾರೆ. ನನ್ನ ತಾಯಿಯ ಜೊತೆ ಹೀಗೆ ಸುಮ್ಮನೆ ಕೂರಲು ಅವಳಿಗೆ ಬೀಗ ಬೀಳಬೇಕಾಯಿತಲ್ಲ ಎಂದು ಸಿಟ್ಟು ಇನ್ನಷ್ಟು ಏರಿತು.

ಮಧ್ಯಾಹ್ನ ಊಟ ತಂದೆ. ಎರಡು ತುತ್ತು ತಿಂದು ತಟ್ಟೆ ವಾಪಸ್ಸು ಕೊಟ್ಟಳು. ನೀರು ಬೇಡ ಎಂದಳು. ಆಮೇಲೆ ಚಹಾವೂ ಬೇಡ ಎಂದಳು. ಬಿಸಿಲು ಓಣಿಯಿಂದ ಮೇಲೆ ಸರಿಯುವ ಹೊತ್ತಿಗೆ ಕಿಟಕಿಯಿಂದ ಎದ್ದು ಕೋಣೆಯಲ್ಲಿ ಆ ಕಡೆ ಈ ಕಡೆ ತಿರುಗಾಡತೊಡಗಿದಳು. ನನಗೆ ಆಗ ಹೊಳೆಯಿತು. ಬೆಳಿಗ್ಗೆಯಿಂದ ಅವಳು ಬಚ್ಚಲಿಗೆ ಹೋಗಿಲ್ಲ.

"ಅಮ್ಮ, ಮೂಲೇಲಿ ನೆಲ ಒರೆಸೋ ಬಕೆಟ್ ಇದೆಯಲ್ಲ..."

"ಥೂ, ಬಾಯ್ಮುಚ್ಚು! ದೇವರ ಮುಂದೆನಾ? ಸತ್ರೂ ಇಲ್ಲ." ಮತ್ತೆ ಸರಳಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು, "ನಿಮ್ಮಪ್ಪನಿಗೆ ಹೋಗಿ ಹೇಳು. ಸಾಕು ಅಂತ ಹೇಳು. ಆಗ್ತಾ ಇಲ್ಲ ಕಣೇ."

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಹೊರಗೆ ರಸ್ತೆಯ ಗದ್ದಲ. ಅಪ್ಪ ಕೀ ಕೊರೆಯುವ ಮೆಷಿನ್ ಓಡಿಸುತ್ತಿದ್ದರು. ನಾನು ಅದರ ಸ್ವಿಚ್ ಆರಿಸಿ ವಿಷಯ ಹೇಳಿದೆ, ಒಂದನ್ನೂ ಮುಚ್ಚಿಡದೆ. ಅಪ್ಪ ತಲೆ ತಗ್ಗಿಸಿದರು. ಒಂದು ಕ್ಷಣ ಪಾಪ ಎನ್ನಿಸಿತು. ಆಮೇಲೆ ಬಾಯಿ ತೆರೆದರು.

"ಹೆಂಗೋ ಸುಧಾರಿಸ್ಕೊಳ್ಳೋಕೆ ಹೇಳು. ನಾಳೆ ನಾನೇ ಏನಾದ್ರೂ ದಾರಿ ಹುಡುಕ್ತೀನಿ."

"ಅಣ್ಣಾ ಬಾ ಅನ್ನೋಕೆ ನಿಮಗೆ ನಾಲಿಗೆ ಇಲ್ವಾ?"

"ಇಷ್ಟು ವರ್ಷ ಕಾಪಾಡ್ಕೊಂಡು ಬಂದ ಮಾನ, ಒಂದು ಬಚ್ಚಲಿಗೋಸ್ಕರ ಬಿಡ್ಲಾ?"

ನಾನು ಮೇಜಿನ ಕೆಳಗಿನಿಂದ ದೊಡ್ಡ ಸುತ್ತಿಗೆ ಎಳೆದೆ, ಇನ್ನೊಂದು ಕೈಯಲ್ಲಿ ಉಳಿ ತೆಗೆದುಕೊಂಡೆ. ಅಂಗಡಿಯಿಂದ ಮನೆಯೊಳಗೆ ಹೋಗುವ ಬಾಗಿಲಿಗೆ ಅಪ್ಪ ಅಡ್ಡ ಬಂದರು.

"ಏನ್ಮಾಡ್ತಿದೀಯಾ?"

"ಬೀಗ ಒಡೀತೀನಿ."

"ಹುಚ್ಚು ಹಿಡಿದಿದೆಯಾ? ಆ ಬೀಗ ಒಡೀತಾರಾ? ಅಂಥದ್ದು ಇನ್ನೊಂದು ಹುಟ್ಟಲ್ಲ ಕಣೇ!"

"ಅಮ್ಮ ಇನ್ನೊಬ್ಬಳು ಹುಟ್ತಾಳಾ?"

"ಅವಳಿಗೇನಾಗಿದೆ ಈಗ, ಒಂದ್ ರಾತ್ರಿ ಕಳೆದ್ರೆ! ಬೀಗ ಹೋದ್ರೆ ಹೋದ ಹಾಗೇ." ಅವರ ಕಣ್ಣಲ್ಲಿ ನೀರು ಬಂತು. ನಿಜವಾದ ನೀರು. ಅಮ್ಮನಿಗಾಗಿ ಬೆಳಿಗ್ಗೆಯಿಂದ ಬಾರದ ಕಣ್ಣೀರು ಒಂದು ಹಿಡಿ ಹಿತ್ತಾಳೆಗಾಗಿ ಬಂತು. "ಕೈ ಮುಗೀತೀನಿ, ಅದನ್ನ ಕೆಳಗಿಡು."

"ಹಾಗಾದ್ರೆ ಹೋಗಿ ದೊಡ್ಡಪ್ಪನ್ನ ಕರ್ಕೊಂಡು ಬನ್ನಿ. ನೀವು ಬರೋ ಹೊತ್ತಿಗೆ ನಾನು ಬಾಗಿಲ ಹತ್ರ ಇರ್ತೀನಿ. ತಡ ಆದ್ರೆ ಬೀಗ ಇರಲ್ಲ."

ನಾನು ಅವರನ್ನು ತಳ್ಳಿಕೊಂಡು ಒಳಗೆ ಹೆಜ್ಜೆ ಇಟ್ಟೆ. ಅಪ್ಪ ತಿರುಗಿ ಓಡಿದರು. ಚಪ್ಪಲಿ ಹಾಕಿಕೊಳ್ಳಲಿಲ್ಲ, ಗಲ್ಲಾಕ್ಕೆ ಬೀಗ ಹಾಕಲಿಲ್ಲ. ಅಂಗಡಿ ಇಳಿದು, ಓಣಿಗೆ ತಿರುಗಿ, ಆ ವಯಸ್ಸಿನ ಮನುಷ್ಯ ಎದೆ ಹಿಡಿದುಕೊಂಡು ಓಡಿದರು. ನಾನು ಸುತ್ತಿಗೆ ಹಿಡಿದು ದೇವರ ಕೋಣೆಯ ಬಾಗಿಲಿಗೆ ಹೋಗಿ ನಿಂತೆ. ಆ ಮನುಷ್ಯನನ್ನು ಅಪ್ಪ ಎನ್ನಲು ನಾಚಿಕೆಯಾಯಿತು.

ದೊಡ್ಡಪ್ಪ ಬಂದರು. ಜೇಬಿನಿಂದ ಬಾಗಿದ ತಂತಿಯೊಂದನ್ನು ತೆಗೆದು, ಅಪ್ಪನಿಗೆ ಬೆನ್ನು ಹಾಕಿ ಮರೆಮಾಡಿಕೊಂಡು ಬೀಗದ ಎಲ್ಲೋ ಒಂದು ಕಡೆ ಚುಚ್ಚಿದರು. ಕೊಂಡಿ ಎದ್ದಿತು. ಅಪ್ಪ ಕೀ ತಿರುಗಿಸಿದರು. ಬಾಗಿಲು ತೆರೆಯಿತು.

"ನೋಡಿದ್ಯಾ, ಇನ್ನೂ ಹೆಂಗೆ ಹಿಡಿದಿದೆ ನನ್ನ ಕೊಂಡಿ," ಎಂದರು ದೊಡ್ಡಪ್ಪ.

"ತೆರೆದಿದ್ದು ನನ್ನ ಕೀ," ಎಂದರು ಅಪ್ಪ.

ಅವರಿಬ್ಬರ ನಡುವೆ ನುಸುಳಿಕೊಂಡು ಅಮ್ಮ ಬಚ್ಚಲಿನ ಕಡೆ ಧಾವಿಸಿದಳು. ಇಬ್ಬರೂ ಅವಳಿಗೆ ದಾರಿ ಬಿಟ್ಟರೇ ಹೊರತು ಬೀಗದಿಂದ ಕಣ್ಣು ತೆಗೆಯಲಿಲ್ಲ. ಅವಳು ವಾಪಸ್ಸು ಬರುವಷ್ಟರಲ್ಲಿ ಜಗಳ ಜೋರಾಗಿತ್ತು. ದೊಡ್ಡಪ್ಪ "ಇನ್ನೊಂದ್ಸಲ ಕರಿ, ಆಗ ಹೇಳ್ತೀನಿ" ಎಂದು ಹೆಗಲ ಮೇಲಿನ ವಸ್ತ್ರ ಕೊಡವಿ ಹೊರಟುಹೋದರು. ಅಮ್ಮನ ಕಡೆ ನೋಡಿ ಕೈ ಮುಗಿದದ್ದೊಂದೇ ಅವರು ಮಾಡಿದ ಉಪಕಾರ.

ನಾನು ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ. ಇವತ್ತು ಅಮ್ಮ ಏನಾದರೂ ಅಂದೇ ಅನ್ನುತ್ತಾಳೆ. ಅವಳು ಅನ್ನದಿದ್ದರೆ ನಾನು ಅನ್ನುತ್ತೇನೆ. ಅಂಗಡಿಯಲ್ಲಿ ನಡೆದದ್ದನ್ನು ಅಕ್ಷರ ಬಿಡದೆ ಹೇಳಿ, ಇವಳನ್ನು ಕೈಹಿಡಿದು ಈ ಮನೆಯಿಂದ ಕರೆದುಕೊಂಡು ಹೋಗುತ್ತೇನೆ. ಒಂದು ಬಾಡಿಗೆ ಕೋಣೆ, ಬೀಗವೇ ಇಲ್ಲದ ಬಾಗಿಲು, ಅಷ್ಟು ಸಾಕು.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದು ಅಪ್ಪನ ಎದುರು ನಿಂತಳು. ಕೆಳಗೆ ನೋಡಿದಳು. ಅಪ್ಪನ ಕಾಲು ಓಣಿಯ ಧೂಳಿನಿಂದ ಕಪ್ಪಾಗಿತ್ತು, ಒಂದು ಬೆರಳಿನಲ್ಲಿ ರಕ್ತ ಇತ್ತು.

"ಚಪ್ಪಲಿನೂ ಹಾಕ್ಕೊಳ್ದೆ ಓಡಿದ್ರಲ್ರೀ," ಎಂದಳು. "ಕಿಟಕೀಲಿ ನೋಡ್ದೆ. ಬಿದ್ದುಬಿಡ್ತೀರಿ ಅಂತ ನನ್ನ ಜೀವ ಬಾಯಿಗೆ ಬಂತು." ಆಮೇಲೆ ನನ್ನ ಕಡೆ ತಿರುಗಿದಳು. ಆ ಮುಖದಲ್ಲಿ ಅಂಥ ಬೆಳಕನ್ನು ನಾನು ಯಾವತ್ತೂ ಕಂಡಿರಲಿಲ್ಲ. "ನಾನು ಹೇಳಿರ್ಲಿಲ್ವೇನೇ? ನನಗೋಸ್ಕರ ಹೋಗ್ತಾರೆ ಅಂತ?"

ಅಪ್ಪ ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಮಾತು ನನ್ನ ಹಲ್ಲಿನ ತನಕ ಬಂದಿತ್ತು. ಒಂದು ವಾಕ್ಯ ಸಾಕಿತ್ತು, ಅವರ ಮಾನ ಅಲ್ಲೇ ಮಣ್ಣುಪಾಲಾಗುತ್ತಿತ್ತು. ಜೊತೆಗೆ ಇನ್ನೇನು ಹೋಗುತ್ತಿತ್ತು ಎಂಬುದು ನನ್ನೆದುರೇ ನಗುತ್ತ ನಿಂತಿತ್ತು.

"ಹೌದಮ್ಮ," ಎಂದೆ. "ಓಡಿದ್ರು."

ಅಪ್ಪನಿಗೆ ಉಸಿರು ಬಂತು. ಬಂದ ಉಸಿರನ್ನು ಸುಮ್ಮನೆ ಇಟ್ಟುಕೊಳ್ಳಬೇಕಿತ್ತು. ಆದರೆ ಅವರು ಗಂಟಲು ಸರಿಮಾಡಿಕೊಂಡು, "ಮತ್ತೆ? ನಿನಗಲ್ದೆ ಇನ್ಯಾರಿಗೋಸ್ಕರ ಓಡ್ಲಿ?" ಎಂದರು. ಅಮ್ಮ ಅರಿಸಿನದ ಡಬ್ಬಿ ತಂದು, ನೆಲದ ಮೇಲೆ ಕೂತು, ಆ ಬೆರಳಿಗೆ ಔಷಧಿ ಹಚ್ಚಿದಳು.

ಮನೆಗೆ ಯಾರೇ ಬಂದರೂ ಅಮ್ಮ ಈಗ ಈ ಕಥೆ ಹೇಳುತ್ತಾಳೆ. ಬರಿಗಾಲಿನ ಹತ್ತಿರ ಬಂದಾಗ ಅವಳ ದನಿ ತುಂಬಿಕೊಳ್ಳುತ್ತದೆ. ಕೊನೆಯಲ್ಲಿ, "ಬೇಕಾದ್ರೆ ಇವಳನ್ನೇ ಕೇಳಿ," ಎನ್ನುತ್ತಾಳೆ. ಎಲ್ಲರೂ ನನ್ನ ಕಡೆ ನೋಡುತ್ತಾರೆ, ಅಪ್ಪ ಮಾತ್ರ ಗೋಡೆ ನೋಡುತ್ತಾರೆ. ನಾನು ಪ್ರತಿ ಸಲವೂ ಹೌದು ಎನ್ನುತ್ತೇನೆ, ಅಪ್ಪನ ಜೊತೆ ಮಾತ್ರ ಅಂಗಡಿಯ ಕೆಲಸದ ಮಾತು ಬಿಟ್ಟು ಬೇರೆ ಮಾತಾಡುವುದಿಲ್ಲ.